ನಾಳೆ ಹಗ್ಗ ಹಿಡಿಯುವವನ ಎರಡು ಮಾತು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಬಂಡೆ ಹತ್ತುವ ಮಕ್ಕಳೇ, ಅವರನ್ನು ಹೆತ್ತ ತಪ್ಪಿಗೆ ಕೆಳಗೆ ನಿಂತು ನಡುಗುವ ಸಭಿಕರೇ,

ಪೋಷಕರ ಪರವಾಗಿ ಧೈರ್ಯದ ಬಗ್ಗೆ ಎರಡು ಮಾತಾಡಿ ಎಂದು ಸಂಘದವರು ಕೇಳಿದರು. ಧೈರ್ಯದ ಬಗ್ಗೆ ನಾನೇನು ಹೇಳಲಿ? ಈ ಮೇಜನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿರುವುದನ್ನು ನೀವೇ ನೋಡುತ್ತಿದ್ದೀರಿ. ಇದರ ಮೇಲಿನ ಹೂಕುಂಡ ಅಲುಗಾಡುತ್ತಿದ್ದರೆ ಅದು ಫ್ಯಾನಿನ ಗಾಳಿಗಲ್ಲ, ನನ್ನಿಂದ.

ನನ್ನದು ಡ್ರೈವಿಂಗ್ ಸ್ಕೂಲ್. ನಮ್ಮ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ನನ್ನ ಕಾಲಡಿ ಇನ್ನೊಂದು. ನನ್ನ ಸಂಸಾರ ನಡೆದಿರುವುದೇ ಆ ಎರಡನೇ ಬ್ರೇಕಿನ ಮೇಲೆ. ಬಸ್ಸಿನಲ್ಲಿ ಕೂತರೂ ನನ್ನ ಬಲಗಾಲು ನೆಲ ಒತ್ತುತ್ತದೆ. “ಅದೇನು ನಿಮ್ಮಪ್ಪನ ಬಸ್ಸಾ? ಸುಮ್ನೆ ಕೂತ್ಕೊಳ್ರೀ” ಎಂದು ನನ್ನ ಹೆಂಡತಿ ಗದರುತ್ತಾಳೆ. ಆದರೆ ಮಗಳು ಬಂಡೆ ಹತ್ತುವಾಗ ಒತ್ತಲು ನನಗೆಲ್ಲಿದೆ ಬ್ರೇಕು?

ಈ ಸಂಘದಲ್ಲಿ ಒಂದು ಪದ್ಧತಿಯಿದೆ. ಮನೆಯಲ್ಲಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಭಯವೋ ಅವರೇ ಹಗ್ಗ ಹಿಡಿಯಲು ಕಲಿಯಬೇಕು. “ಭಯ ಇರೋರು ಆಕಡೆ ಈಕಡೆ ನೋಡಲ್ಲ ಸಾರ್” ಎನ್ನುತ್ತಾರೆ ತರಬೇತುದಾರರು. ನಮ್ಮ ಮನೆಯಲ್ಲಿ ಚುನಾವಣೆ ಬೇಕಾಗಲಿಲ್ಲ, ನಾನು ಅವಿರೋಧವಾಗಿ ಆಯ್ಕೆಯಾದೆ. ಹತ್ತುವವಳು ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಮೇಲಿನ ಕೊಂಡಿಗಳಿಗೆ ಸಿಕ್ಕಿಸುತ್ತಾ ಹೋಗುತ್ತಾಳೆ. ಅವಳು “ಸಡಿಲ” ಎಂದಾಗ ಇನ್ನೊಂದು ತುದಿ ಹಿಡಿದ ಕೆಳಗಿನವರು ಹಗ್ಗವನ್ನು ಸ್ವಲ್ಪ ಸ್ವಲ್ಪ ಬಿಡಬೇಕು, ಜಾರಿದರೆ ಬಿಗಿ ಹಿಡಿಯಬೇಕು. ಇಷ್ಟೇ ಕೆಲಸ.

ಕಳೆದ ವಾರ ಅಭ್ಯಾಸದ ಗೋಡೆಯಲ್ಲಿ ಏನಾಯಿತೆಂಬುದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಮಗಳು ಮೇಲಿನ ಕೊಂಡಿಗೆ ಕೈ ಚಾಚಿದಳು. ಅವಳ ಕಾಲು ನಡುಗಿತು. “ಅಪ್ಪಾ, ಸಡಿಲ!” ಎಂದು ಕೂಗಿದಳು. ನಾನು ಬ್ರೇಕ್ ಒತ್ತಿದೆ. ಹೌದು ಸಭಿಕರೇ, ಎರಡೂ ಕೈಯಿಂದ ಹಗ್ಗ ಬಿಗಿದು ಹಿಡಿದೆ. ನಾನು ಬಿಗಿದದ್ದಕ್ಕೇ ಅವಳು ಗೋಡೆಯಿಂದ ಕಿತ್ತು ಬಂದಳು. ಗಾಳಿಯಲ್ಲಿ ತೂಗಾಡಿದಳು, ಭುಜ ಗೋಡೆಗೆ ಬಡಿಯಿತು. ತರಬೇತುದಾರರು ಏಣಿ ಹಾಕಿ ಅವಳನ್ನು ಇಳಿಸಿದ ಮೇಲೂ ನನ್ನ ಬೆರಳು ಬಿಡಿಸಲು ಇಬ್ಬರು ಬರಬೇಕಾಯಿತು.

ನನ್ನ ಕೈ ಹೀಗೇಕೆ? ಚಿಕ್ಕಂದಿನಲ್ಲಿ ನನ್ನ ತಮ್ಮ ಕಾಲುವೆಗೆ ಜಾರಿದ. ನಾನು ಅವನ ಅಂಗಿ ಹಿಡಿದೆ. ಗಟ್ಟಿಯಾಗಿಯೇ ಹಿಡಿದಿದ್ದೆ. ಅಂಗಿ ಕೈಯಲ್ಲೇ ಉಳಿಯಿತು. ಕ್ಷಮಿಸಿ, ಧೈರ್ಯದ ಬಗ್ಗೆ ಮಾತಾಡಲು ಬಂದವನು ಎಲ್ಲಿಗೋ ಹೋದೆ.

ನಾಳೆ ಬೆಳಗ್ಗೆ ನಿಜವಾದ ಬಂಡೆ. ಅದರ ಕೆಳಗೆ ದಪ್ಪ ಹಾಸು ಇರುವುದಿಲ್ಲ, ಕಲ್ಲಿರುತ್ತದೆ. ಹಗ್ಗ ಬೇರೆಯವರಿಗೆ ಕೊಡಿ ಎಂದು ತರಬೇತುದಾರರಿಗೆ ಗೋಗರೆದೆ. ಅವರು ಒಪ್ಪಿದರು. ಒಪ್ಪದವಳು ಮಗಳು. ಭುಜಕ್ಕೆ ಐಸ್ ಒತ್ತಿಕೊಂಡೇ ಹೇಳಿದಳು: “ಬೇರೆಯವ್ರು ಹಿಡೀಬಹುದಪ್ಪಾ. ಆದ್ರೆ ನೀನು ಮನೇಲಿ ಕೂತು ಕಾಲಲ್ಲಿ ನೆಲ ಒತ್ತುತ್ತಾ ಇರ್ತೀಯ. ನಂಗೆ ಅದೇ ನೆನಪಾಗಿ ಕಾಲು ನಡುಗುತ್ತೆ. ನೀನೇ ಬಾ. ಸಡಿಲ ಅಂದ್ರೆ ಬಿಡು, ಬಿದ್ರೆ ಹಿಡಿ.”

ಬಿದ್ದವಳಿಗೆ ಮತ್ತೆ ಹತ್ತುವ ಧೈರ್ಯವಿದೆ. ಬೀಳಿಸಿದವನಿಗೆ?

ಇದನ್ನೆಲ್ಲ ಇಷ್ಟು ಜನರ ಮುಂದೆ ಯಾಕೆ ಹೇಳಿದೆ? ಬೆಳಗ್ಗೆ ಜ್ವರವೆಂದು ಮುಸುಕು ಹಾಕಿ ಮಲಗಿಬಿಡಬಾರದಲ್ಲ, ಅದಕ್ಕೆ. ನನಗೆ ತುಂಬ ಭಯವಾಗಿದೆ. ನಾಳೆಯೂ ಆಗುತ್ತದೆ. ಆದರೂ ಹಗ್ಗ ನಾನೇ ಹಿಡಿಯುತ್ತೇನೆ, ಅವಳು ಸಡಿಲ ಎಂದರೆ ಬಿಡುತ್ತೇನೆ.

ತಾಳ್ಮೆಯಿಂದ ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು. ಇನ್ನು ಕೈ ಮುಗಿಯಬೇಕು. ಮುಗಿಯಬೇಕಾದರೆ ಈ ಮೇಜಿನಿಂದ ಎರಡೂ ಕೈ ತೆಗೆಯಬೇಕು. ಮೂರನೇ ಸಾಲಿನಲ್ಲಿ ಕೂತು ನನ್ನ ಮಗಳು ತುಟಿಯಲ್ಲೇ ಏನೋ ಅನ್ನುತ್ತಿದ್ದಾಳೆ. ಗೊತ್ತಾಯ್ತು ಕಣಮ್ಮಾ.

ಬಿಟ್ಟೆ. ನಮಸ್ಕಾರ.