ಆರಿಸಬಾರದ ದೀಪ

ಮಾನ್ಯ ಅಧ್ಯಕ್ಷರಾದ ಮಲ್ಲಿಕಾರ್ಜುನಸ್ವಾಮಿಯವರೇ, ವೇದಿಕೆಯ ಮೇಲಿರುವ ಗಣ್ಯರೇ, ಟೆಂಪೋ ಮಾಡಿಕೊಂಡು ಗುಂಡ್ಲುಪೇಟೆಯ ಈ ಸಭಾಂಗಣದವರೆಗೆ ಬಂದಿರುವ ಹಳ್ಳದಮಾಳದ ದೀಪ ಸಂಘದ ಸದಸ್ಯರೇ, ತಾಯಂದಿರೇ, ಊಟ ಯಾವಾಗ ಎಂದು ಹಿಂಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಈಗಷ್ಟೇ ನನಗೆ ಶಾಲು ಹೊದಿಸಿದಿರಿ, ಮೈಸೂರು ಪೇಟ ತೊಡಿಸಿದಿರಿ. ಪೇಟ ಸ್ವಲ್ಪ ದೊಡ್ಡದಾಯಿತು, ಕಣ್ಣಿನ ಮೇಲೆ ಇಳಿಯುತ್ತಿದೆ. ಇರಲಿ. ನನ್ನ ಹೆಂಡತಿ ಸುಧಾಮಣಿ ಇದ್ದಿದ್ದರೆ ಹಿಂದಿನಿಂದ ಒಂದು ಪಿನ್ನು ಚುಚ್ಚಿ ಸರಿಮಾಡುತ್ತಿದ್ದಳು. ಅವಳು ತೀರಿಹೋಗಿ, ಬರುವ ಕಾರ್ತೀಕಕ್ಕೆ ಎರಡು ವರ್ಷ.

ಹದಿನಾರು ವರ್ಷದ ಹಿಂದೆ ನಾನು ಚಾಮರಾಜನಗರದ ಪಾಲಿಟೆಕ್ನಿಕ್ ಒಂದರಲ್ಲಿ ಮೇಷ್ಟ್ರು. ಹಂಗಳದಾಚೆ, ಕಾಡಂಚಿನ ನಿಮ್ಮೂರಿನಲ್ಲಿ ಹದಿನೆಂಟು ಮನೆ, ಒಂದು ಹಳ್ಳ. ಕರೆಂಟು ಇಲ್ಲ. ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಚಕ್ರ ತಿರುಗಿಸಿ, ಮನೆಗೆ ಎರಡರಂತೆ ಬಲ್ಬು ಹೊತ್ತಿಸಿದೆವು. ಪೈಪು ಹೊತ್ತವರು ನೀವು. ಗುಂಡಿ ತೋಡಿದವರು ನೀವು. ಈಗ ಲೈನ್ ಕರೆಂಟು ಬಂದಿದ್ದರೂ ಅದು ಬಂದಷ್ಟೇ ಬೇಗ ಹೋಗುವ ನೆಂಟ. ಹಾಗಾಗಿ ದಿನಾ ಎಲೆಕಸ ತೆಗೆದು ಚಕ್ರವನ್ನು ಇವತ್ತಿಗೂ ಓಡಿಸುತ್ತಿರುವವರೂ ನೀವೇ. ಶಾಲು ಮಾತ್ರ ನನಗೆ.

ಕುಮಾರಿ ಭಾಗ್ಯ ಓದಿದ ಅಭಿನಂದನಾ ಪತ್ರದಲ್ಲಿ ಒಂದು ಸಾಲಿತ್ತು. 'ಒಂದೇ ಒಂದು ದೀಪವನ್ನೂ ಆರಿಸದೆ ಬಾಳುವ ಶಿಸ್ತನ್ನು ನಮಗೆ ಕಲಿಸಿದ ಗುರುಗಳು.' ನೀವು ಚಪ್ಪಾಳೆ ತಟ್ಟಿದಿರಿ. ಓದುವಾಗ ಆ ಹುಡುಗಿಯ ದನಿ ತಗ್ಗಿದ್ದು ಯಾರಿಗೆ ಕೇಳಿಸಿತೋ ಗೊತ್ತಿಲ್ಲ, ನನಗೆ ಕೇಳಿಸಿತು. ಅವಳು ಚಿಕ್ಕಮಾದಮ್ಮನ ಮೊಮ್ಮಗಳು.

ಹದಿನಾರು ವರ್ಷದಿಂದ ನೀವು ಮಲಗುವಾಗ ದೀಪ ಆರಿಸುವ ಬದಲು ಉರಿಯುವ ಬಲ್ಬಿಗೆ ಮಣ್ಣಿನ ಕುಡಿಕೆ ಕಟ್ಟಿ ಕತ್ತಲೆ ಮಾಡಿಕೊಳ್ಳುತ್ತಿದ್ದೀರಿ. ಇದಕ್ಕೆ ಶಿಸ್ತು ಎನ್ನುತ್ತಾರೆಯೇ? ನಿಜ ಹೇಳುತ್ತೇನೆ, ಕೇಳಿ. ನೀರು ಒಂದೇ ಸಮನೆ ಬೀಳುತ್ತದೆ, ಊರು ಮಲಗಿದ್ದು ಚಕ್ರಕ್ಕೆ ಗೊತ್ತಾಗುವುದಿಲ್ಲ. ದೀಪಗಳು ಆರಿದರೆ ಹೊರೆ ಇಳಿದು ಚಕ್ರ ಜೋರಾಗುತ್ತದೆ, ಉಳಿದ ಬಲ್ಬುಗಳು ಸುಟ್ಟುಹೋಗುತ್ತವೆ. ನಮ್ಮ ಪ್ರೊಫೆಸರರು ಹೇಳುತ್ತಿದ್ದರು, 'ಎನರ್ಜಿ ಕ್ಯಾನ್ ನೈದರ್ ಬಿ ಕ್ರಿಯೇಟೆಡ್ ನಾರ್...' ಮುಂದಿನದು ನಾಲಗೆಗೆ ಬರುತ್ತಿಲ್ಲ. ಒಟ್ಟಿನಲ್ಲಿ ಹೆಚ್ಚಾದದ್ದು ಎಲ್ಲಾದರೂ ಹೋಗಲೇಬೇಕು. ಅದಕ್ಕೆಂದೇ ಒಂದು ಪೆಟ್ಟಿಗೆ ಬರುತ್ತದೆ. ಹೆಚ್ಚಾದ ಕರೆಂಟನ್ನು ಅದು ನೀರು ಕಾಯಿಸುವುದಕ್ಕೆ ಕಳಿಸುತ್ತದೆ. ಅದಿದ್ದರೆ ಯಾರು ಯಾವ ದೀಪ ಆರಿಸಿದರೂ ಚಿಂತೆಯಿಲ್ಲ.

ಆ ಪೆಟ್ಟಿಗೆಯನ್ನು ನಾನು ಹಾಕಲಿಲ್ಲ. ಉದ್ಘಾಟನೆಯ ದಿನ ನಿಗದಿಯಾಗಿತ್ತು, ಪೆಟ್ಟಿಗೆ ಬರುವುದು ತಡವಾಯಿತು. 'ಯಾರೂ ಸ್ವಿಚ್ ಮುಟ್ಟಬೇಡಿ' ಎಂದು ಹೇಳಿ ಚಾಲೂ ಮಾಡಿಬಿಟ್ಟೆ. ವಾರಕ್ಕೆ ಪೆಟ್ಟಿಗೆ ನಮ್ಮ ಮನೆ ತಲುಪಿತು. ಮುಂದಿನ ಸಲ ಒಯ್ದರಾಯಿತು ಎಂದು ಜಗಲಿಯ ಮೂಲೆಯಲ್ಲಿಟ್ಟೆ.

ಹದಿನೈದನೇ ದಿನ ಬೆಳಿಗ್ಗೆ ಫೋನು ಬಂತು. ಊರಿನಲ್ಲಿ ಉರಿಯುತ್ತಿದ್ದ ಬಲ್ಬೆಲ್ಲ ಸುಟ್ಟಿವೆ. ಬೈಕು ಓಡಿಸಿಕೊಂಡು ಬಂದು, ಹೊಂಗೆ ಮರದ ಕೆಳಗೆ ನಿಮ್ಮನ್ನೆಲ್ಲ ನಿಲ್ಲಿಸಿ, 'ಯಾರು ಆರಿಸಿದ್ದು?' ಎಂದು ಕ್ಲಾಸಿನ ಹುಡುಗರನ್ನು ಕೇಳುವಂತೆ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಚಿಕ್ಕಮಾದಮ್ಮ ಸೆರಗಿಗೆ ಕೈ ಒರೆಸುತ್ತಾ ಮುಂದೆ ಬಂದಳು.

"ನಾನೇ ಕಣಪ್ಪ ಇಂಜಿನೇರಪ್ಪ. ಎಲ್ರೂ ಮನಿಕ್ಕಂಡ್ ಮ್ಯಾಲೆ ಅದೊಂದ್ ಯಾಕೆ ಸುಮ್ಗೆ ಉರೀಬೇಕು ಅಂದ್ಬುಟ್ಟು ಕೆಡಿಸ್ದೆ. ಅದ್ಕೂ ವಸಿ ಸುಧಾರಿಸ್ಕಳಕ್ಕೆ ಬ್ಯಾಡ್ವಾ?"

"ಊರ್ ದೀಪನೇ ನುಂಗ್ಬುಟ್ಟಲ್ಲವ್ವ" ಎಂದ ಗುಂಪಿನಲ್ಲಿದ್ದ ಮೂಗಯ್ಯ. ಎಲ್ಲರೂ ನಕ್ಕಿರಿ. ನಾನು ನಗಲಿಲ್ಲ. ಹೇಳಿದ್ದು ಅರ್ಥವಾಗದಿದ್ದರೆ ಕತ್ತಲಲ್ಲೇ ಇರು ಎಂದು, ನನ್ನ ತಾಯಿಯ ವಯಸ್ಸಿನವಳಿಗೆ ಏಕವಚನದಲ್ಲಿ ಬೈದೆ. "ಆಗ್ಲಿ ಬುಡಪ್ಪ. ನಮ್ಮನೆ ತಂತಿ ಕಿತ್ಕಂಡ್ ಓಗು. ನನ್ನಿಂದ ಊರ್ಗೆ ಕತ್ಲಾಗದು ಬ್ಯಾಡ" ಎಂದಳು. ಏಣಿ ಹತ್ತಿ ನಾನೇ ಬಿಚ್ಚಿದೆ. ಅಂದಿನಿಂದ ಅವಳು ದೀಪ ನುಂಗಿದ ಮಾದಮ್ಮ. ಇನ್ನೂ ಆರು ವರ್ಷ ಬದುಕಿದ್ದಳು, ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ.

ಸಭಿಕರೇ, ಒಂದು ಬಲ್ಬು ಆರಿಸಿದರೆ ಊರಿನ ಉಳಿದ ಮೂವತ್ತೈದು ಬಲ್ಬು ಸುಡುತ್ತವೆಯೇ? ಸುಡುವುದಿಲ್ಲ. ಹತ್ತು ಮನೆಯವರಾದರೂ ಆರಿಸಿರಬೇಕು. ಇದು ನನಗೆ ಆ ಮರದ ಕೆಳಗೆ ನಿಂತಾಗಲೇ ಗೊತ್ತಿತ್ತು. ಒಪ್ಪಿಕೊಂಡವಳು ಒಬ್ಬಳೇ ಆದ್ದರಿಂದ ಎಲ್ಲವನ್ನೂ ಅವಳ ತಲೆಗೆ ಕಟ್ಟಿದೆ. ಯಾರೂ ನೆಲ ನೋಡಬೇಡಿ. ನೀವು ಹೆದರಿದ್ದು ನನ್ನ ದನಿಗೆ. ಆಮೇಲಾದರೂ ಪೆಟ್ಟಿಗೆ ತಂದು ಹಾಕಬಹುದಿತ್ತಲ್ಲ? ಹಾಕಿದ್ದರೆ ತಪ್ಪು ಯಾರದೆಂದು ಊರಿಗೆ ತಿಳಿಯುತ್ತಿತ್ತು. ಅದಕ್ಕೇ ಹಾಕಲಿಲ್ಲ.

ಸುಧಾಮಣಿ ಆ ಪೆಟ್ಟಿಗೆಯ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಳು. ನಾನು ರೂಮಿನಿಂದ ಎದ್ದರೆ ಹಿಂದೆಯೇ ಬಂದು ಲೈಟು ಆರಿಸುವ ಹೆಂಗಸು ಅವಳು. ಒಂದು ದಿನ ಜಾಡಿ ಒರೆಸುತ್ತಾ ಕೇಳಿದಳು: "ರೀ, ಆರ್‌ಸಿದ್ದಕ್ಕೆ ಆ ಅಜ್ಜೀನ ಬೈದ್ರಲ್ಲ, ಅಲ್ಲಿ ನಾನಿದ್ದಿದ್ರೆ ನನಗೂ ಹಂಗೇ ಅಂತಿದ್ರಾ?" ನಾನು ಪೇಪರಿನ ಹಾಳೆ ಮಗುಚಿದೆ.

ಹೋದ ತಿಂಗಳು ನೀವು ಸನ್ಮಾನದ ಆಹ್ವಾನ ಕೊಟ್ಟು ಹೋದ ಮೇಲೆ ಜಾಡಿ ಎತ್ತಿದೆ. ಪೆಟ್ಟಿಗೆಯ ಸೀಲು ಕೂಡ ಒಡೆದಿರಲಿಲ್ಲ. ಹಳೆಯ ವಿದ್ಯಾರ್ಥಿ ಸೋಮೇಶ್ ಪರೀಕ್ಷೆ ಮಾಡಿ, "ಒಂದೆರಡು ಪಾರ್ಟು ಬದಲಾಯಿಸಿದ್ದೀನಿ, ಕೆಲಸ ಮಾಡ್ತದೆ ಸಾರ್" ಎಂದ. ಅದೀಗ ಈ ಮೇಜಿನ ಕೆಳಗಿದೆ. ನಾಳೆ ಬೆಳಿಗ್ಗೆ ಬಂದು ಜೋಡಿಸುತ್ತೇನೆ. ಕುಡಿಕೆಗಳನ್ನು ಇಳಿಸಿ, ಬೇಕೆನಿಸಿದಾಗ ಆರಿಸಿ. ಪತ್ರದ ಆ ಸಾಲನ್ನು ಹೊಡೆದುಹಾಕಿ.

ಭಾಗ್ಯಮ್ಮ, ನಿನ್ನ ಮನೆಗೆ ಇಂದಿಗೂ ಹಳ್ಳದ ಕರೆಂಟಿಲ್ಲ. ನಿಮ್ಮಪ್ಪ ಶಿವಸ್ವಾಮಿ ಮತ್ತೆ ತಂತಿ ಎಳೆಯಲು ಬಿಡಲಿಲ್ಲ. ನಾಳೆ ನೀನೂ ಬೇಡ ಎಂದರೆ ಅದು ನ್ಯಾಯವೇ. ಪೆಟ್ಟಿಗೆ ಜೋಡಿಸಿ ಸುಮ್ಮನೆ ಬಸ್ಸು ಹತ್ತುತ್ತೇನೆ. ಹೂಂ ಎಂದರೆ ಏಣಿ ನಾನೇ ಹತ್ತುತ್ತೇನೆ, ಮಂಡಿ ನೋವಿದೆ, ಯಾರಾದರೂ ಹಿಡಿದುಕೊಳ್ಳಿ. ಸ್ವಿಚ್ಚನ್ನು ನಿಮ್ಮಜ್ಜಿಯ ಕೈಗೆ ಎಟುಕುತ್ತಿದ್ದ ಎತ್ತರದಲ್ಲಿ ಹಾಕುತ್ತೇನೆ. ಊರಿನಲ್ಲಿ ಮೊದಲು ನೀನು ಆರಿಸು. ಅದಕ್ಕೂ ವಸಿ ಸುಧಾರಿಸಿಕೊಳ್ಳುವುದು ಬೇಡವೇ?

ಹಸಿದುಕೊಂಡು ಕೇಳಿದ ನಿಮಗೂ, ಕೇಳಿಸಿಕೊಳ್ಳಲು ಇಲ್ಲದ ಇಬ್ಬರು ಹೆಂಗಸರಿಗೂ ಕೃತಜ್ಞತೆಗಳು. ನಮಸ್ಕಾರ.