ಆರನೇ ಮುಚ್ಚಳ

ಅದಕ್ಕೇ ಕೇಳಿದ್ದು ನಾನು, ಡಬ್ಬಿ ಯಾಕೆ ಕೊಟ್ಟಂಗೇ ವಾಪಸ್ ಬಂತು ಅಂತ. ಮೂರು ದಿನದಿಂದ ನೋಡ್ತಾ ಇದೀನಿ. ಹಸಿವಿರ್ಲಿಲ್ಲ ಅಜ್ಜಿ ಅಂತೀಯ, ನಿಂಗೆ ಹಸಿವಿಲ್ಲದ ದಿನಾನ ನೀನು ಹುಟ್ಟಿದಾಗಿಂದ ನಾನು ಕಂಡಿಲ್ಲ ಮಗಳೇ. ಹೋದ ತಿಂಗಳು ಟೀಮ್ ಲೀಡ್ ಮಾಡಿದ್ರು ಅಂತ ಸ್ವೀಟ್ ಬಾಕ್ಸ್ ತಂದೆ, ಅವತ್ತಿಂದ ಇತ್ಲಾಗೆ ನಿನ್ನ ಫೋನಲ್ಲಿ ಆಫೀಸಲ್ಲಿ ನಿನ್ನ ಜೊತೆ ಉಣ್ಣೋ ಆ ಹುಡುಗೀರು ನಗೋದೇ ಕೇಳ್ಸಿಲ್ಲ. ಆ ಲ್ಯಾಪ್‌ಟಾಪು ಆಮೇಲೆ ತೆಗೀವಂತೆ, ಇಲ್ಲಿ ಜಗುಲಿ ಮೇಲೆ ಕೂತ್ಕೋ. ನಾನೂ ಎಲೆಕ್ಟ್ರಾನಿಕ್ ಸಿಟೀಲಿ ದುಡ್ದೋಳೇ ಕಣೆ, ಮರ್ತ್‌ಬಿಟ್ಯಾ?

ಆಗ ಗಾಜಿನ ಕಟ್ಟಡ ಎಲ್ಲಿತ್ತು, ನಮ್ದು ಶೀಟಿನ ಶೆಡ್ಡು. ಈ ಬೇಗೂರಿಂದ ಹೊಸೂರು ರೋಡಿಗಂಟ ನಡೆದು, ಅಲ್ಲಿಂದ ಕಂಪ್ನಿ ಬಸ್ಸು. ಟೆಲಿಫೋನ್ ಒಳಗೆ ಒಂದು ಹಸಿರು ಬೋರ್ಡು ಇರ್ತದಲ್ಲ, ಅದಕ್ಕೆ ಬೆಸುಗೆ ಹಾಕೋ ಕೆಲಸ. ಫ್ಯಾಕ್ಟ್ರಿ ಅಂದ್ಮೇಲೆ ಗುಂಪು ಒಂದಾ ಎರಡಾ. ಯೂನಿಯನ್ನೋರು ಒಂದು ಕಡೆ, ಆಫೀಸಿನೋರು ಒಂದು ಕಡೆ, ಬಸ್ಸಲ್ಲಿ ತಮಿಳು ಮಾತಾಡೋರು ಹಿಂದ್ಗಡೆ ಸೀಟು, ನಮ್ಮ ಹಳ್ಳಿ ಕಡೇರು ಮುಂದ್ಗಡೆ. ಯಾವ ಶಿಫ್ಟು, ಯಾವ ಲೈನು ಅನ್ನೋದೆಲ್ಲ ಮೇಲಿನೋರೇ ಬರ್ದು ಗೋಡೆಗೆ ಅಂಟಿಸೋರು, ಹೆಸರು ಎಲ್ಲೈತೋ ಅಲ್ಲಿಗೆ ನೀನು. ಊಟದ ಗುಂಪು ಮಾತ್ರ ಯಾರೂ ಬರೀಲಿಲ್ಲ ಕಣೆ, ಅದು ತಾನಾಗೇ ಆಗಿದ್ದು. ಆರು ಜನ ಹೆಂಗಸ್ರು, ಸ್ಟೋರ್ ರೂಮಿನ ಹಿಂದೆ ನೆಲದ ಮೇಲೆ ರೌಂಡಾಗಿ ಕೂರ್ತಿದ್ವಿ. ಅವ್ರವ್ರ ಡಬ್ಬಿ ಮುಚ್ಚಳದಲ್ಲಿ ಒಂದು ಪಾಲು ಹಾಕಿ ನಡೂವೆ ಇಡೋದು, ಯಾರು ಯಾವುದಕ್ಕೆ ಬೇಕಾದ್ರೂ ಕೈ ಹಾಕ್ಬೋದು. ಜಾತಿ ಗೀತಿ ಅಂತ ಆ ಮುಚ್ಚಳದ ಹತ್ರ ಬರ್ತಾನೇ ಇರ್ಲಿಲ್ಲ. ಇರ್ಲಿಲ್ಲ ಅಂದ್ರೆ ಸುಳ್ಳಾಯ್ತದೆ, ಮೊದ್ಲು ಒಂದು ತಿಂಗಳು ಬಂದಿತ್ತು, ರತ್ನನ ಹುಣಸೆ ಗೊಜ್ಜು ತಿಂದ ಮೇಲೆ ಹೊರಟೋಯ್ತು.

ರತ್ನ ಅಂದ್ರೆ ಚಂದಾಪುರದೋಳು, ನನ್ನ ಪಕ್ಕದ ಸ್ಟೂಲು. ಬಾಯಿ ಅಂದ್ರೆ ಬಾಯಿ, ಎಲ್ಲರನ್ನೂ ರೇಗಿಸೋಳು, ನನ್ನನ್ನ ಲೇ ಜಯಾ ಅಂತಾನೇ ಕರೆಯೋಳು. ಪಾಪ, ಕಣ್ಣು ಮಂದ ಆಗ್ತಾ ಬಂತು ಅವಳಿಗೆ. ದಿನಕ್ಕಿಷ್ಟು ಬೋರ್ಡು ಅನ್ನೋ ಲೆಕ್ಕ ಮುಟ್ಟೋಕೆ ಆಗ್ತಿರ್ಲಿಲ್ಲ. ಮೇಲಿನೋರಿಗೆ ಗೊತ್ತಾದ್ರೆ ಮನೇಗೆ ಕಳಿಸ್ಬಿಡೋರು. ಅದಕ್ಕೆ ನಾವು ಐದು ಜನಾನೂ ನಮ್ಮ ನಮ್ಮ ಬೋರ್ಡಲ್ಲಿ ಒಂದೆರಡು ಸದ್ದಿಲ್ದೆ ಅವಳ ಟ್ರೇಗೆ ಸೇರಿಸ್ತಿದ್ವಿ. ಇಂಗೆ ನಡೀತಿರೋವಾಗ, ನಾನೊಬ್ಳು ಎಸ್ಸೆಸ್ಸೆಲ್ಸಿ ಪಾಸು ನೋಡು, ನನ್ನನ್ನ ಹಿಡ್ದು ಲೈನಿಗೆ ಸೂಪರ್‌ವೈಸರ್ ಮಾಡಿದ್ರು.

ಅವತ್ತು ಮಧ್ಯಾಹ್ನ ಡಬ್ಬಿ ಎತ್ಕೊಂಡು ಎಂದಿನಂಗೆ ಹೋದೆ. ರತ್ನ ಎದ್ದು ನಿಂತು, ಸೆರಗಲ್ಲಿ ನೆಲ ಒರೆಸಿ, "ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ" ಅಂದ್ಲು. ಮಿಕ್ಕೋರು ತಲೆ ತಗ್ಸಿದ್ರು. ಎದೆಗೆ ಚುಚ್ಚಿದಂಗಾಯ್ತು ಕಣೆ. ಒಂದು ಮಾತೂ ಆಡದೆ ಕೂತೆ, ತಿಂದೆ, ಎದ್ದು ಬಂದೆ. ನನ್ನ ಮುಚ್ಚಳಕ್ಕೆ ಯಾರೂ ಕೈ ಹಾಕ್ಲಿಲ್ಲ. ಮಾರನೇ ದಿನ ಆಫೀಸರ್ ಟೇಬಲ್ಲಿಗೆ ಹೋದೆ. ಅಲ್ಲಿ ಮೂರು ಜನ ಗಂಡಸ್ರು, ಚಮಚ, ಇಂಗ್ಲಿಷು, ನನ್ನ ಡಬ್ಬೀಲಿ ಮುದ್ದೆ. ಎಡಬಿಡಂಗಿ ಅಂತಾರಲ್ಲ, ಅದಾಗೋದೆ. ಆಮೇಲಿಂದ ಟೆಸ್ಟಿಂಗ್ ರೂಮಲ್ಲಿ ಮೆಷಿನ್ನಿನ ಪಕ್ಕ ನಿಂತ್ಕೊಂಡೇ ಉಣ್ಣೋದು. ಎಷ್ಟು ದಿನ ಅಂತೀಯ, ಆ ಕೆಲಸ ಬಿಡೋಗಂಟ, ನಾಕು ವರ್ಷ. ಮನೇಲಿ ಹತ್ತು ಜನ, ಶೆಡ್ಡಲ್ಲಿ ಇನ್ನೂರು ಜನ, ಉಣ್ಣೋಕೆ ಮಾತ್ರ ನಾನೊಬ್ಳೇ. ಗೋಡೆ ಆಚೆ ಅವ್ರು ನಗೋದು ಕೇಳೋದು.

ಆದ್ರೂ ರತ್ನನ ಟ್ರೇ ವಿಷಯ ನಾನು ಬಾಯಿ ಬಿಡ್ಲಿಲ್ಲ. ಕಂಡೂ ಕಾಣದಂಗೆ ದಿನಾ ಅವಳ ಲೆಕ್ಕಕ್ಕೆ ಸೈನ್ ಹಾಕ್ತಿದ್ದೆ. ಅಷ್ಟರಲ್ಲಿ ಒಂದಿನ ರತ್ನನ್ನ ಬೆಸುಗೆ ಲೈನಿಂದ ತೆಗ್ದು ಪ್ಯಾಕಿಂಗ್‌ಗೆ ಹಾಕ್ಬಿಟ್ರು. ನಾನೇ ಚಾಡಿ ಹೇಳ್ದೆ ಅಂತ ಎಲ್ಲರೂ ಅಂದ್ಕೊಂಡ್ರು ಅಂತ ನಾನು ಅಂದ್ಕೊಂಡೆ. ನೀರಿನ ನಲ್ಲಿ ಹತ್ರ ಯಾರೋ ನನ್ನ ನೋಡಿ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಅಂದ್ರು. ಅಲ್ಲಿಗೆ ಖಾತ್ರಿ ಆಯ್ತು. ನಾನಲ್ಲ ಕಣ್ರೇ ಅಂತ ಒಂದು ಮಾತು ಹೇಳ್ಬೋದಿತ್ತು, ಹೇಳ್ಲಿಲ್ಲ. ಅವ್ರೇ ಬಂದು ಕೇಳ್ಲಿ ಅಂತ ಜಂಬ.

ಹೋದ ವರ್ಷ ಚಂದಾಪುರದ ಛತ್ರದಲ್ಲಿ ಮದುವೆಗೆ ಹೋಗಿದ್ನಲ್ಲ, ನೀನು ರಜ ಇಲ್ಲ ಅಂತ ಬರ್ಲಿಲ್ಲ ನೋಡು, ಅಲ್ಲಿ ಊಟದ ಪಂಕ್ತೀಲಿ ಪಕ್ಕದ ಎಲೇಲಿ ದಪ್ಪ ಕನ್ನಡಕದ ಮುದುಕಿ ಒಬ್ಳು. ಬಡಿಸೋನಿಗೆ ನಾನು ಅನ್ನ ಸಾಕು ಅಂದೆ, ಅಷ್ಟಕ್ಕೇ ತಿರುಗಿ, "ಯಾರೇ ಅದು, ಜಯಾ ತಾನೇ?" ಅಂದ್ಲು. ರತ್ನ. ಜಯಾ ಅಂದ್ಲು ಕಣೆ, ಅಷ್ಟು ವರ್ಷ ಆದ್ಮೇಲೆ. ಕೈಲಿದ್ದ ತುತ್ತು ಎಲೆಗೆ ಹಾಕ್ದೆ. ಪ್ಯಾಕಿಂಗ್‌ಗೆ ಹಾಕ್ಸಿದ್ದು ನಾನಲ್ಲ ಕಣೇ ಅಂದೆ. ಅವಳು ನಕ್ಕುಬಿಟ್ಲು. ತಾನೇ ಹೋಗಿ ಮ್ಯಾನೇಜರ್ ಹತ್ರ ಕೇಳ್ಕೊಂಡ್ಲಂತೆ, ದಿನಾ ಇನ್ನೊಬ್ರ ಬೋರ್ಡು ಈಸ್ಕೊಳ್ಳೋಕೆ ನಾಚ್ಕೆ ಆಗಿ. ಅದು ಎಲ್ಲರಿಗೂ ಗೊತ್ತಿತ್ತಂತೆ, ನಂಗೊಬ್ಳಿಗೆ ಬಿಟ್ಟು.

ಮತ್ತೆ ನನ್ನನ್ನ ಮೇಡಂ ಅಂದೆಯಲ್ಲೇ ಅಂದೆ. ಆಗ ಅವಳು ಎಲೆ ಮೇಲಿನ ಕೈ ತೆಗ್ದು ನನ್ನ ಮುಖಾನೇ ನೋಡಿದ್ಲು. "ರೇಗಿಸಿದ್ದು ಕಣೇ. ನೀನು ಬೈತೀಯ, ಎಲ್ಲರೂ ನಗೋಣ ಅಂತ ತಲೆ ತಗ್ಸಿ ನಗು ತಡ್ಕೊಂಡಿದ್ವಿ. ನೀನು ನಿಜವಾದ ಮೇಡಂ ಥರ ಕೂತ್ಬಿಟ್ಟೆ." ಆಮೇಲೂ ನನ್ನ ಜಾಗ ಬಿಟ್ಟೇ ಕೂರ್ತಿದ್ರಂತೆ. ಎಷ್ಟು ದಿನ ಅಂದೆ. "ಒಂದು ತಿಂಗಳಿರ್ಬೋದು. ಆಮೇಲೆ ಹೊಸಬಳು ಒಬ್ಳು ಬಂದು ಕೂತ್ಲು, ಎಬ್ಬಿಸೋಕಾಗ್ತದಾ?"

ಪಾಯಸ ಬಡಿಸಿ ಹೋದ್ರು, ನಾನು ಮುಟ್ಲಿಲ್ಲ. ಬಸ್ಸಲ್ಲಿ ಅತ್ಕೊಂಡೇ ಬಂದೆ. ಆ ಆರು ಜನರಲ್ಲಿ ಈಗ ಉಳಿದಿರೋರು ನಾವಿಬ್ರೇ ಅಂತೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ, ನಂಗೆ ಎರಡೂ ಬರ್ಲಿಲ್ಲ. ಜಗಳಾನಾದ್ರೂ ಆಡಿದ್ರೆ ಉಳ್ಕೊಳ್ತಿದ್ನೇನೋ.

ನಿನ್ನನ್ನೂ ಆ ಹುಡುಗೀರು ಬಾಸು ಗೀಸು ಅಂತ ಏನೋ ಅಂದಿರ್ತಾರೆ. ಹೌದಲ್ವಾ? ನೋಡ್ದ್ಯಾ, ಕಣ್ಣಲ್ಲಿ ನೀರು. ನಾಳೆ ಹುಣಸೆ ಗೊಜ್ಜು ಜಾಸ್ತಿ ಹಾಕ್ತೀನಿ. ಕರೀಲಿ ಅಂತ ಕಾಯ್ಬೇಡ, ಹೋಗಿ ಮುಚ್ಚಳ ತೆಗ್ದು ನಡೂವೆ ಇಡು. ಬಾಸು ಅಂದ್ರೆ ಅಲ್ಲೇ ಬೈದುಬಿಡು. ಬಿಟ್ಟ ಜಾಗ ತಿಂಗಳಿಗಿಂತ ಜಾಸ್ತಿ ಖಾಲಿ ಇರಲ್ಲ, ನಿಂದು ಆಗ್ಲೇ ಇಪ್ಪತ್ತು ದಿನ ಆಯ್ತು. ಏಳು, ಕೈ ತೊಳ್ಕೊಂಡು ಬಾ, ಉಣ್ಣೋಣ.