ರಂಗನಾಥ್ ದನಗಳ ಹೆಸರು ಹೇಳಿದ ಸಂಜೆ

ಎಲ್ಲರಿಗೂ ನಮಸ್ಕಾರ. ಅಹಲ್ಯಾ ಅವರೇ, ಸಿಂಚನಾ, ಬ್ರೂಮ್‌ಹಿಲ್‌ನ ನೆರೆಹೊರೆಯವರೇ, ರಂಗನಾಥ್ ಅವರ ಶ್ರದ್ಧಾಂಜಲಿಗೆ ಈ ಚಳಿಯಲ್ಲಿ ಲೀಡ್ಸ್‌ನಿಂದ, ಮ್ಯಾಂಚೆಸ್ಟರ್‌ನಿಂದ ಬಂದಿರುವ ಗೆಳೆಯರೇ — ಹಿಂದೆ ನಿಂತಿರೋರು ದಯವಿಟ್ಟು ಮುಂದೆ ಬನ್ನಿ, ಕುರ್ಚಿಗಳಿವೆ.

ನಾನು ಪ್ರಭಾಕರ. ರಂಗನಾಥ್ ಅವರೂ ನಾನೂ ಹತ್ತೊಂಬತ್ತು ವರ್ಷ ಶೆಫೀಲ್ಡಿನ ಒಂದೇ ಆಫೀಸಿನಲ್ಲಿ ಅಕ್ಕಪಕ್ಕ ಕೂತು ರೈಲ್ವೆ ಸಿಗ್ನಲ್ಲುಗಳ ನಕ್ಷೆ ಮಾಡಿದವರು. ಅವರ ಕೆಲಸದ ಬಗ್ಗೆ ಹೇಳೋಕೆ ನನಗಿಂತ ದೊಡ್ಡವರಿದ್ದಾರೆ. ನಾನು ಒಂದು ದಿನದ ವಿಷಯ ಹೇಳ್ತೀನಿ. ಒಂದೇ ದಿನ.

ನಾಲ್ಕು ವರ್ಷದ ಹಿಂದೆ, ಜನವರಿಯಲ್ಲಿ, ಕ್ಯಾಂಟೀನಿನಲ್ಲಿ ಟೀ ಕಪ್ಪನ್ನು ಹೀಗೆ ಪಕ್ಕಕ್ಕೆ ಸರಿಸಿ ಅವರು ಹೇಳಿದರು: "ಪ್ರಭಾಕರ, ನನಗೆ ಹೆಸರುಗಳು ಹೋಗ್ತಾ ಇವೆ."

ಮೆಮೊರಿ ಕ್ಲಿನಿಕ್ಕಿನಲ್ಲಿ ಮರೆವಿನ ಕಾಯಿಲೆ ಅಂತ ಹೇಳಿಬಿಟ್ಟಿದ್ದರು. ವಯಸ್ಸು ಐವತ್ತೇಳು. ಡ್ರೈವಿಂಗ್ ಲೈಸೆನ್ಸನ್ನು ಆಗಲೇ ವಾಪಸ್ ಕಳಿಸಿದ್ದರು. ಆಮೇಲೆ ಜೇಬಿನಿಂದ ಒಂದು ಕರಪತ್ರ ತೆಗೆದು ಮೇಜಿನ ಮೇಲಿಟ್ಟರು. ಉತ್ತರಕ್ಕೆ, ಪೆನ್ರಿತ್ ಆಚೆಯ ಒಂದು ಹಳ್ಳಿಯಲ್ಲಿ ಕೌಬಾಯ್ ಕವಿತೆ, ಅಂದರೆ ದನ ಕಾಯೋರ ಕವಿತೆ, ಸಂಗೀತದ ಉತ್ಸವ. ಫೆಬ್ರವರಿಯ ಶನಿವಾರ. ಯಾರು ಬೇಕಾದರೂ ವೇದಿಕೆ ಹತ್ತಬಹುದು. ಕರೆದುಕೊಂಡು ಹೋಗ್ತೀರಾ ಅಂತ ಕೇಳಿದರು.

ಆಗಲೇ ನನಗೆ ಗೊತ್ತಾಗಿದ್ದು — ಅವರ ತಂದೆ ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ದನ ಕಾಯ್ತಿದ್ದರು. ಜೀವನವಿಡೀ. "ಅಪ್ಪ ಸರ್ಕಾರಿ ನೌಕರಿಯಲ್ಲಿದ್ದರು" ಅಂತ ರಂಗನಾಥ್ ನಮಗೆಲ್ಲ ಹೇಳಿದ್ದರು ನೋಡಿ — ಸುಳ್ಳಲ್ಲ. ಕಾವಲು ಸರ್ಕಾರದ್ದೇ. ಆ ತಂದೆ ಮೇಯಿಸಿದ ದನಗಳ ಮೇಲೆ ಇವರು ಒಂದು ಪದ್ಯ ಕಟ್ಟಿದ್ದರು. ಹಸುವಿಗೊಂದು ಸಾಲು. ಮರೆತುಹೋಗುವ ಮೊದಲು ಒಂದು ಸಲ ಜನರ ಮುಂದೆ ಹೇಳಬೇಕು ಅನ್ನೋ ಆಸೆ.

ನಮ್ಮ ಕನ್ನಡ ಸಂಘದಲ್ಲೇ ಹೇಳಬಹುದಲ್ಲ ಅಂದೆ.

"ಅಲ್ಲಿ ಎಲ್ಲರೂ ಡಾಕ್ಟರು, ಇಂಜಿನಿಯರು. ನಾನು ದನ ಕಾಯುವವನ ಮಗ ಅಂತ ಹೇಳೋಕೆ ಇಷ್ಟು ವರ್ಷ ಬಾಯಿ ಬರಲಿಲ್ಲ. ಅಲ್ಲಿ ಹೋದರೆ, ಪ್ರಭಾಕರ, ಅದೇ ನನ್ನ ಕ್ವಾಲಿಫಿಕೇಶನ್" ಅಂದರು. ನಕ್ಕರು. ನಾನು ನಗಲಿಲ್ಲ.

ಆ ಶನಿವಾರ ಅವರ ಹೆಂಡತಿ ಅಹಲ್ಯಾ ಅವರಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ಒಂದು ಡಬ್ಬಿ ಚಿತ್ರಾನ್ನ ಕೊಟ್ಟು ಕಳಿಸಿದರು. ಲೀಡ್ಸಿನ ಹೆಡಿಂಗ್ಲಿಯಲ್ಲಿ ಮಗಳು ಸಿಂಚನಾಳನ್ನು ಹತ್ತಿಸಿಕೊಂಡೆವು. ಆಗ ಅವಳು ಅಲ್ಲಿ ಓದ್ತಿದ್ದಳು. ಅಪ್ಪನನ್ನು ಒಬ್ಬರನ್ನೇ ಬಿಡಬಾರದು ಅಂತ ಬಂದಳು, ಹಿಂದಿನ ಸೀಟಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತಳು. ಅಪ್ಪ ಕನ್ನಡದಲ್ಲಿ ಕೇಳೋದು, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡೋದು — ನಮ್ಮೆಲ್ಲರ ಮನೆಯ ಹಾಗೇ.

ಬೆಟ್ಟದ ರಸ್ತೆ ಹತ್ತುವಾಗ ಹಿಮ ಶುರುವಾಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಾಲಾಗಿ ಕಾರುಗಳು ನಿಂತಿದ್ದವು. ಮುಂದೆ ಲಾರಿಯೊಂದು ಅಡ್ಡ ತಿರುಗಿದೆ ಅಂದರು. ಎಂಜಿನ್ ಆರಿಸಿದೆ. ಸದ್ದೇ ಇಲ್ಲ. ಗುಡ್ಡ ಎಲ್ಲಿ ಮುಗೀತು, ಆಕಾಶ ಎಲ್ಲಿ ಶುರುವಾಯಿತು, ಗೊತ್ತಾಗ್ತಿರಲಿಲ್ಲ. ಎಲ್ಲ ಬಿಳಿ. ಕಾರು ನಿಂತಿದೆಯೋ ತೇಲ್ತಿದೆಯೋ ಅನ್ನೋ ಹಾಗಿತ್ತು.

ಮಬ್ಬಾದ ಕಿಟಕಿ ಗಾಜಿನ ಮೇಲೆ ರಂಗನಾಥ್ ಬೆರಳಿನಿಂದ — ಹೀಗೆ — ಎರಡು ಉದ್ದ ಕೊಂಬು ಬರೆದರು. ಆಮೇಲೆ ಮೆಲ್ಲಗೆ ಹೇಳತೊಡಗಿದರು. ಕೆಂಪಿ ನೀರಿಗೆ ಎಲ್ಲರಿಗಿಂತ ಮೊದಲು. ಬೂದಿ ಗುಡುಗಿಗೆ ಹೆದರದವಳು. ಮೊಂಡುಗೊಂಬಿ ಅಪ್ಪನ ಕಂಬಳಿ ಮೇಯ್ದವಳು... ಸಿಂಚನಾ ಇಯರ್‌ಫೋನ್ ತೆಗೆದಳು. ಕಂಬಳಿ ತಿಂದವಳಿಗೆ ಆಮೇಲೆ ಏನಾಯಿತು ಅಂತ ಕೇಳಿದಳು, ಇಂಗ್ಲಿಷಿನಲ್ಲೇ. ಅವರು ಹೇಳಿದರು. ಒಂದೂವರೆ ಗಂಟೆ. ನಮ್ಮ ಸುತ್ತ ಹಿಮ ಬೀಳ್ತಾನೇ ಇತ್ತು. ನನಗೆ ಮಾತ್ರ ಆ ಬಿಳುಪಿನೊಳಗೆ ದನಗಳು ನಡೆದುಹೋಗ್ತಿರೋ ಹಾಗೆ, ಕಾಲಡಿಯ ಧೂಳು ಏಳ್ತಿರೋ ಹಾಗೆ ಕಾಣ್ತಿತ್ತು. ಮುಂದಿನ ಕಾರು ಹೊರಟಿದ್ದೂ ನನಗೆ ತಿಳಿಯಲಿಲ್ಲ, ಹಿಂದಿನವನು ಹಾರ್ನ್ ಹೊಡೆದ.

ಹೋಗಿ ತಲುಪಿದಾಗ ಸಂಜೆ ನಾಲ್ಕೂವರೆ. ಹಳ್ಳಿಯ ಚಿಕ್ಕ ಸಭಾಂಗಣ. ಒಂದೈವತ್ತು ಜನ — ಕುರಿ ಸಾಕೋರು, ರಿಟೈರಾದ ಗಣಿ ಕೆಲಸದೋರು, ತಲೆ ಮೇಲೆ ಅಗಲದ ಹ್ಯಾಟು. ಬ್ಯಾಂಜೋ ನುಡಿಸ್ತಿದ್ದರು. ರಂಗನಾಥ್ ಹೆಸರು ಕರೆದರು. ವೇದಿಕೆ ಹತ್ತಿದರು. ತಂದೆ ಏನು ಕೆಲಸ ಮಾಡ್ತಿದ್ದರು ಅಂತ ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಹೇಳಿದರು. ಕೂತಿದ್ದವರಲ್ಲಿ ಕೆಲವರು ಹ್ಯಾಟು ತೆಗೆದರು. ಆಮೇಲೆ ಕನ್ನಡದಲ್ಲಿ ಪದ್ಯ.

ಮೂರು ಸಾಲು ಹೇಳಿದರು. ನಿಂತುಬಿಟ್ಟರು.

ಕಾಯ್ದೆವು. ಅವರ ಬೆರಳು ಅಂಗಿಯ ಗುಂಡಿ ಹುಡುಕ್ತಿತ್ತು. ನಾನು ಎದ್ದು ಕೆಳಗಿಳಿಸೋಣ ಅಂತಿದ್ದೆ. ಪಕ್ಕದಲ್ಲಿ ಸಿಂಚನಾ ಎದ್ದು ನಿಂತಳು.

"ಅಪ್ಪಾ, ಮೊಂಡುಗೊಂಬಿ ಆದ್ಮೇಲೆ ಯಾರು ಬಂದ್ರು?"

ಕನ್ನಡದಲ್ಲಿ. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು.

ಅವರು ಅವಳನ್ನೇ ನೋಡಿದರು. "ಸಂಪಿಗೆ" ಅಂದರು.

"ಅವಳು ಹೆಂಗಿದ್ಳು?"

ಹೇಳಿದರು. ಹೀಗೇ — ಮಗಳು ಕೇಳ್ತಾ, ಅಪ್ಪ ಹೇಳ್ತಾ — ಹದಿನಾಲ್ಕು ಹಸುಗಳೂ ಬಂದವು. ಅಲ್ಲಿದ್ದವರಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಆದರೂ ಮುಗಿದ ಮೇಲೆ ಚಪ್ಪಾಳೆ ತಟ್ಟಿದರು, ನಿಲ್ಲಿಸಲೇ ಇಲ್ಲ.

ಆಮೇಲಿನದು ನಿಮಗೆ ಗೊತ್ತು. ನನ್ನ ಹೆಸರು ಹೋಯಿತು. ಅಹಲ್ಯಾ ಅವರ ಹೆಸರು ಹೋಯಿತು. ಹೋದ ವರ್ಷ ದನಗಳ ಹೆಸರುಗಳೂ ಹೋದವು. ಪ್ರತಿ ಭಾನುವಾರ ಸಿಂಚನಾ ಬಂದು ಹಾಸಿಗೆ ಪಕ್ಕ ಕೂತು ಆ ಪದ್ಯ ಹೇಳ್ತಿದ್ದಳು. ಅವರು ಯಾರದೋ ಕಥೆ ಅನ್ನೋ ಹಾಗೆ, ಖುಷಿಯಾಗಿ ಕೇಳ್ತಿದ್ದರು.

ನನಗೆ ಚುಚ್ಚುವುದು ಒಂದೇ. ನಮ್ಮ ಸಂಘದ ಈ ಸಭಾಂಗಣದಲ್ಲಿ ಇಷ್ಟು ವರ್ಷ ಯುಗಾದಿಗೆ, ರಾಜ್ಯೋತ್ಸವಕ್ಕೆ ಕುರ್ಚಿ ಜೋಡಿಸಿದ ಮನುಷ್ಯ, ತನ್ನ ತಂದೆಯ ಕೆಲಸ ಹೇಳಿಕೊಳ್ಳೋಕೆ ಅಷ್ಟು ದೂರ, ಹಿಮದಲ್ಲಿ, ಗುರುತಿಲ್ಲದವರ ಹತ್ತಿರ ಹೋಗಬೇಕಾಯಿತು.

ಹಾಗಾಗಿ ನಾನೂ ಹೇಳಿಬಿಡ್ತೀನಿ. ನನ್ನ ಅಮ್ಮ ಮೈಸೂರಿನಲ್ಲಿ ನಾಲ್ಕು ಮನೆಯ ಪಾತ್ರೆ ತಿಕ್ಕಿ ನನ್ನನ್ನು ಓದಿಸಿದಳು. ಅವಳ ಹೆಸರು ಪುಟ್ಟಮ್ಮ. ಈ ಊರಿನಲ್ಲಿ ಇದನ್ನು ಇವತ್ತೇ ಮೊದಲು ಹೇಳ್ತಿರೋದು.

ಈಗ — ಕೈಲಾಗುವವರೆಲ್ಲ ಎದ್ದು ನಿಲ್ಲಿ. ಎರಡು ನಿಮಿಷ ರಂಗನಾಥ್ ಅವರನ್ನು ನೆನೆಯೋಣ. ಮಕ್ಕಳು ಮಾತಾಡಿದರೆ ಬಾಯಿ ಮುಚ್ಚಿಸಬೇಡಿ. ನಾವು ದೊಡ್ಡವರು ಸುಮ್ಮನಿದ್ದರೆ ಸಾಕು.